ಎಂಟರ್ ಒತ್ತೋ ಮುಂಚೆ, ಒತ್ತಿದ ಮೇಲೆ: ಗಣಿತದ ಸಾಫ್ಟ್‌ವೇರನ್ನ ಕಸುಬಿನೋರು ಹೇಗೆ ಬಳಸ್ತಾರೆ

ಮೊದ್ಲು ಒಂದು ಲೆಕ್ಕ. 1766319049ರ ವರ್ಗ ಮಾಡಿ ಒಂದ್ಕಡೆ ಇಡಿ. 226153980ರ ವರ್ಗ ಮಾಡಿ, ಅದನ್ನ 61ರಿಂದ ಗುಣಿಸಿ ಇನ್ನೊಂದ್ಕಡೆ ಇಡಿ. ಮೊದಲನೇದ್ರಿಂದ ಎರಡನೇದನ್ನ ಕಳೀರಿ. ಬರ್ಬೇಕಾದ್ದು 1. ಭಾಸ್ಕರಾಚಾರ್ಯರು 1150ರ ಹೊತ್ತಿಗೇ ಚಕ್ರವಾಳ ವಿಧಾನದಲ್ಲಿ ಈ ಎರಡು ಸಂಖ್ಯೆಗಳನ್ನ ಕೈಲೆಕ್ಕದಲ್ಲಿ ಹಿಡಿದು ಹಾಕಿದ್ರು (ಅವ್ರು ನಮ್ಮ ವಿಜಯಪುರದೋರೋ ಮಹಾರಾಷ್ಟ್ರದೋರೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಅದಿರ್ಲಿ), ಐನೂರು ವರ್ಷ ಕಳೆದ್ಮೇಲೆ 1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ರ ಲೆಕ್ಕವನ್ನ ಯುರೋಪಿನ ಗಣಿತದೋರ ಮುಂದೆ ಸವಾಲು ಅಂತ ಎಸೆದ್ರು.

ಈಗ ಇದನ್ನೇ ಆಕ್ಟೇವ್, ಮ್ಯಾಟ್‌ಲ್ಯಾಬ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. 0 ಅಂತ ಬರುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಆರಾಮಾಗಿ ಸೊನ್ನೆ. ಅದೇ ಮ್ಯಾಕ್ಸಿಮಾ, ಸೇಜ್ ಅನ್ನೋ ಬೇರೆ ಸಾಫ್ಟ್‌ವೇರ್‌ಗಳಲ್ಲಿ, ಅಥವಾ ಸಾದಾ ಪೈಥಾನ್ ಭಾಷೆಯಲ್ಲಿ ಹಾಕಿ ನೋಡಿ, 1 ಬರುತ್ತೆ. ಆಕ್ಟೇವ್ ಕೆಟ್ಟ ಸಾಫ್ಟ್‌ವೇರ್ ಅಂತ ಅಲ್ಲ, ಅದರಲ್ಲಿ ಸುಮ್ನೆ ಒಂದು ಸಂಖ್ಯೆ ಟೈಪ್ ಮಾಡಿದ್ರೆ ಅದು 64 ಬಿಟ್‌ನ ದಶಮಾಂಶ ಸಂಖ್ಯೆ ಅಂತ ತಗೊಳ್ಳುತ್ತೆ, ಅದರಲ್ಲಿ ನೆಚ್ಚಿಕೊಳ್ಳೋ ಹಾಗಿರೋದು 15–16 ಅಂಕಿ, ಇಲ್ಲಿ ವರ್ಗಗಳು ಬರೋದು 19 ಅಂಕಿ. ಆ ಗಾತ್ರದಲ್ಲಿ ಅದಕ್ಕೆ ಗೊತ್ತಿರೋ ಒಂದು ಸಂಖ್ಯೆಗೂ ಪಕ್ಕದ ಸಂಖ್ಯೆಗೂ ಮಧ್ಯೆ 512ರ ಅಂತರ. 401ರಲ್ಲಿ ಮುಗಿಯೋದೂ 400ರಲ್ಲಿ ಮುಗಿಯೋದೂ ಅದಕ್ಕೆ ಒಂದೇ.

ನಾನು ಕೆಲವು ವರ್ಷ ಕಾಲೇಜಲ್ಲಿ ಮ್ಯಾಥ್ಸ್ ಪಾಠ ಮಾಡಿ ಆಮೇಲೆ ಇಂಡಸ್ಟ್ರಿಗೆ ಬಂದೋನು, ಎರಡೂ ಕಡೆ ನೋಡಿದ್ದು ಒಂದೇ: ಹೊಸಬರು ಸಮಯ ಎಲ್ಲಾ ಕಮಾಂಡ್ ಹುಡುಕೋದ್ರಲ್ಲಿ ಕಳೀತಾರೆ, ನುರಿತೋರು ಎಂಟರ್ ಒತ್ತೋಕೆ ಮುಂಚೆ ಅರ್ಧ ಗಂಟೆ, ಒತ್ತಿದ್ಮೇಲೆ ಒಂದು ಗಂಟೆ ಕಳೀತಾರೆ. ಈ ಲೇಖನ ಆ ಒಂದೂವರೆ ಗಂಟೆ ಬಗ್ಗೆ.

ಹೆಜ್ಜೆ 1: ಕಾಗದ ತಗೊಳ್ಳಿ

ತಮಾಷೆ ಅಲ್ಲ, ನಿಜವಾಗ್ಲೂ ಕಾಗದ. ಆಕ್ಟೇವ್ ಅನ್ನೋ ಹೆಸರು ಸಂಗೀತದ್ದು ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಅದನ್ನ ಬರೆದ ಜಾನ್ ಈಟನ್ ತಮ್ಮ ಮೇಷ್ಟ್ರ ಹೆಸರಿಟ್ಟಿದ್ದು, ಆಕ್ಟೇವ್ ಲೆವನ್‌ಸ್ಪೀಲ್ ಅಂತ ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್, ಆ ಮನುಷ್ಯ ಹೆಸರುವಾಸಿಯಾಗಿದ್ದೇ ಹಳೇ ಲಕೋಟೆ ಹಿಂದೆ ಗೀಚಿ ಅಂದಾಜು ಲೆಕ್ಕ ಹೇಳೋದಕ್ಕೆ. ಹೆಸರಲ್ಲೇ ಮೊದಲ ಪಾಠ ಇದೆ.

ಒಂದು ಉದಾಹರಣೆ ಹಿಡ್ಕೊಂಡು ಕೊನೆ ತನಕ ಹೋಗೋಣ. ಮನೆ ಮೇಲೆ ಸಾವಿರ ಲೀಟರ್ ಟ್ಯಾಂಕ್ ಇದೆ, ಪೂರ್ತಿ ತುಂಬಿದೆ, ನೀರಿನ ಎತ್ತರ 1.2 ಮೀಟರ್. ಬುಡದಲ್ಲಿ 25 ಮಿಲಿಮೀಟರ್ ವ್ಯಾಸದ ತೂತು. ಎಷ್ಟು ಹೊತ್ತಿಗೆ ಖಾಲಿ ಆಗುತ್ತೆ?

ಕಾಗದದ ಮೇಲೆ ಹೀಗೆ: ಪಿಯುಸಿಲಿ ಓದಿರೋ ಟೊರಿಸೆಲ್ಲಿ ನಿಯಮದ ಪ್ರಕಾರ ಶುರುವಲ್ಲಿ ನೀರು ಚಿಮ್ಮೋ ವೇಗ ಸೆಕೆಂಡಿಗೆ 4.85 ಮೀಟರ್. ತೂತಿನ ವಿಸ್ತೀರ್ಣದಿಂದ ಗುಣಿಸಿದ್ರೆ ಸೆಕೆಂಡಿಗೆ ಸುಮಾರು 2.4 ಲೀಟರ್. ಅದೇ ವೇಗದಲ್ಲಿ ಹರೀತಾನೇ ಇದ್ರೆ 420 ಸೆಕೆಂಡು, ಅಂದ್ರೆ 7 ನಿಮಿಷ. ಆದ್ರೆ ನೀರು ಇಳೀತಾ ಇಳೀತಾ ವೇಗ ಕಮ್ಮಿ ಆಗುತ್ತೆ, ಹಾಗಾಗಿ ಉತ್ತರ 7 ನಿಮಿಷಕ್ಕಿಂತ ಜಾಸ್ತಿನೇ ಇರ್ಬೇಕು, ಒಂದು ಗಂಟೆ ಅಂತೂ ಆಗಲ್ಲ. ಇಷ್ಟು ಬರೆದಿಟ್ಕೊಂಡ್ರೆ ಸಾಕು, ಆಮೇಲೆ ಸಾಫ್ಟ್‌ವೇರ್ ಏನಾದ್ರೂ ಅಪದ್ಧ ಹೇಳಿದ್ರೆ ಹಿಡಿಯೋಕೆ ನಿಮ್ಮ ಹತ್ರ ಒಂದು ಕೋಲು ಇದೆ. ವ್ಯಾಸವನ್ನ ಮೀಟರ್ ಮಾಡೋದು ಮರೆತು 0.025 ಬದಲು 25 ಅಂತ ಹಾಕಿದ್ರೆ ಟ್ಯಾಂಕು ಒಂದು ಮಿಲಿಸೆಕೆಂಡಿನೊಳಗೆ ಖಾಲಿ ಆಯ್ತು ಅಂತ ಉತ್ತರ ಬರುತ್ತೆ, ನಗಬೇಡಿ, ಅಂದಾಜು ಮಾಡ್ದೆ ಇರೋರು ಅದನ್ನ ಹಾಗೇ ರಿಪೋರ್ಟಿಗೆ ಹಾಕಿರೋದು ನಾನು ನೋಡಿದ್ದೀನಿ. 1999ರಲ್ಲಿ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ರ ಹೋಗಿ ಕಳೆದೋಗಿದ್ದೂ ಯೂನಿಟ್‌ನಿಂದಲೇ, ಒಂದು ಕಡೆ ಪೌಂಡು, ಇನ್ನೊಂದು ಕಡೆ ನ್ಯೂಟನ್.

ಹೆಜ್ಜೆ 2: ಇದು ಯಾವ ಜಾತಿ ಲೆಕ್ಕ ಅಂತ ನೋಡಿ, ಆಮೇಲೆ ಸಾಫ್ಟ್‌ವೇರ್

ಯಾವುದು ಬೆಸ್ಟ್ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ, ಅದು ಕತ್ತಿ ಬೆಸ್ಟಾ ಗುದ್ಲಿ ಬೆಸ್ಟಾ ಅಂದ ಹಾಗೆ. ಉತ್ತರ ಸೂತ್ರವಾಗಿ ಬೇಕಾ, ಅಂದ್ರೆ ಅಕ್ಷರಗಳು ಅಕ್ಷರಗಳಾಗೇ ಉಳೀಬೇಕಾ? ಹಾಗಿದ್ರೆ ಬೀಜಗಣಿತ ಮಾಡೋ ಸಾಫ್ಟ್‌ವೇರ್: ಮ್ಯಾಥಮ್ಯಾಟಿಕಾ, ಮೇಪಲ್, ಮ್ಯಾಕ್ಸಿಮಾ, ಪೈಥಾನ್‌ನ ಸಿಂಪೈ. ದೊಡ್ಡ ಮ್ಯಾಟ್ರಿಕ್ಸು, ಸಿಗ್ನಲ್ಲು, ಡಿಫರೆನ್ಷಿಯಲ್ ಇಕ್ವೇಶನ್ನು, ಉತ್ತರ ಅಂಕಿಗಳಲ್ಲಿ ಬಂದ್ರೆ ಸಾಕಾ? ಹಾಗಿದ್ರೆ ಮ್ಯಾಟ್‌ಲ್ಯಾಬ್, ಆಕ್ಟೇವ್, ಸೈಲ್ಯಾಬ್, ಪೈಥಾನ್‌ನ ನಂಪೈ ಮತ್ತೆ ಸೈಪೈ, ಜೂಲಿಯಾ. ಸಂಖ್ಯಾ ಸಿದ್ಧಾಂತ, ಗ್ರೂಪ್ ಥಿಯರಿ ಅಂದ್ರೆ ಪಾರಿ, ಗ್ಯಾಪ್, ಇವನ್ನೆಲ್ಲ ಒಂದೇ ಸೂರಿನಡಿ ಸೇರಿಸಿರೋ ಸೇಜ್. ಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಆರ್.

ಇವುಗಳ ಹುಟ್ಟು ನೋಡಿದ್ರೆ ಸ್ವಭಾವ ಅರ್ಥ ಆಗುತ್ತೆ. ಮ್ಯಾಟ್‌ಲ್ಯಾಬ್ ಶುರುವಾಗಿದ್ದು 1970ರ ದಶಕದ ಕೊನೇಲಿ, ನ್ಯೂ ಮೆಕ್ಸಿಕೋ ಯೂನಿವರ್ಸಿಟಿಯ ಕ್ಲೀವ್ ಮೋಲರ್ ತಮ್ಮ ಸ್ಟೂಡೆಂಟ್ಸು ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋ ಕಷ್ಟ ಇಲ್ದೇ ಮ್ಯಾಟ್ರಿಕ್ಸ್ ಲೆಕ್ಕ ಮಾಡ್ಲಿ ಅಂತ ಬರೆದಿದ್ದು, ಕಂಪನಿ ಆಗಿದ್ದು 1984ರಲ್ಲಿ, ಹಾಗಾಗಿ ಅದಕ್ಕೆ ಇವತ್ತಿಗೂ ಎಲ್ಲಾ ಮ್ಯಾಟ್ರಿಕ್ಸೇ. ಮ್ಯಾಕ್ಸಿಮಾದ (Maxima) ಬೇರು ಇರೋದು 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ (Macsyma) ಅನ್ನೋ ಪ್ರಾಜೆಕ್ಟಲ್ಲಿ, ಹೆಸರು ಕನ್ನಡದಲ್ಲಿ ಒಂದೇ ಥರ ಕೇಳ್ಸುತ್ತೆ, ಏನ್ಮಾಡೋದು. ವಿಲಿಯಂ ಶೆಲ್ಟರ್ ಅನ್ನೋರು 1982ರಿಂದ 2001ರಲ್ಲಿ ತೀರ್ಕೊಳ್ಳೋವರೆಗೂ ಅದನ್ನ ಒಬ್ಬರೇ ಸಾಕಿದ್ರು, 1998ರಲ್ಲಿ ಅನುಮತಿ ತಗೊಂಡು ಎಲ್ಲರಿಗೂ ಮುಕ್ತ ಮಾಡಿದ್ರು, ಇವತ್ತು ನಾವು ಪುಕ್ಕಟೆ ಡೌನ್‌ಲೋಡ್ ಮಾಡ್ಕೊಳ್ಳೋದು ಅದರಿಂದ. ಸೇಜ್ 2005ರದ್ದು, ವಿಲಿಯಂ ಸ್ಟೈನ್ ಅನ್ನೋ ಸಂಖ್ಯಾ ಸಿದ್ಧಾಂತದೋರು ಶುರು ಮಾಡಿದ್ದು.

ಪ್ರಾಕ್ಟಿಕಲ್ ಆಗಿ ಹೇಳ್ಬೇಕಂದ್ರೆ ಪಕ್ಕದ ಟೇಬಲ್‌ನೋರು ಏನು ಬಳಸ್ತಾರೋ ಅದನ್ನೇ ಕಲೀರಿ, ಸಿಕ್ಕಾಕೊಂಡಾಗ ಕೇಳೋಕೆ ಒಬ್ರು ಬೇಕು. ಲೈಸೆನ್ಸಿಗೆ ದುಡ್ಡಿಲ್ಲ ಅಂದ್ರೆ ಆಕ್ಟೇವ್, ಸೈಲ್ಯಾಬ್, ಪೈಥಾನ್ ಇದ್ದೇ ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪ್ರಾಜೆಕ್ಟ್‌ನಲ್ಲಿ ಇಂಥ ಮುಕ್ತ ಸಾಫ್ಟ್‌ವೇರ್‌ಗಳಿಗೆ ಪಾಠದ ವಿಡಿಯೋಗಳಿವೆ, ಕನ್ನಡ ಧ್ವನಿ ಇರೋವೂ ಸಿಗುತ್ತೆ, ಹಳ್ಳಿ ಕಾಲೇಜಿನ ಮಕ್ಕಳಿಗೆ ನಾನು ಮೊದ್ಲು ತೋರ್ಸೋದು ಅದನ್ನೇ.

ಹೆಜ್ಜೆ 3: ಸಣ್ಣ ಮುಳ್ಳುಗಳು

ಇವನ್ನ ಒಂದು ಚೀಟಿಲಿ ಬರೆದು ಮಾನಿಟರ್ ಮೂಲೆಗೆ ಅಂಟ್ಸಿ.

ಸೈನ್ 30 ಕೇಳಿದ್ರೆ ಅರ್ಧ ಬರಲ್ಲ, ಮೈನಸ್ 0.988 ಬರುತ್ತೆ, ಯಾಕಂದ್ರೆ ಇವೆಲ್ಲ ರೇಡಿಯನ್‌ನಲ್ಲಿ ಮಾತಾಡ್ತವೆ. ಪೈಥಾನ್‌ನಲ್ಲಿ ಘಾತಕ್ಕೆ ಎರಡು ನಕ್ಷತ್ರ ಹಾಕ್ಬೇಕು, ಟೋಪಿ ಚಿಹ್ನೆ ಹಾಕಿ 2ರ ಘಾತ 3 ಅಂತ ಬರೆದ್ರೆ 8 ಬದಲು 1 ಬರುತ್ತೆ, ಅದಕ್ಕೆ ಟೋಪಿ ಅಂದ್ರೆ ಬಿಟ್‌ಗಳ ಲೆಕ್ಕ. ಸೇಜ್ ಪೈಥಾನ್ ಮೇಲೇ ಕಟ್ಟಿದ್ದಾದ್ರೂ ಅಲ್ಲಿ ಟೋಪಿ ಅಂದ್ರೆ ಘಾತನೇ. ಎಕ್ಸೆಲ್‌ನಲ್ಲಿ ಮೈನಸ್ 2ರ ವರ್ಗ ಅಂತ ಬರೆದ್ರೆ 4, ಪೈಥಾನ್‌ನಲ್ಲೂ ಮ್ಯಾಟ್‌ಲ್ಯಾಬ್‌ನಲ್ಲೂ ಮೈನಸ್ 4. ಮ್ಯಾಟ್‌ಲ್ಯಾಬ್ ಎಣಿಕೆ 1ರಿಂದ, ಪೈಥಾನ್ 0ಯಿಂದ, ಒಂದ್ರಿಂದ ಇನ್ನೊಂದಕ್ಕೆ ಕೋಡ್ ಹೊರಳಿಸೋರ ಅರ್ಧ ರಾತ್ರಿ ಇದರಲ್ಲೇ ಹೋಗುತ್ತೆ. ಮ್ಯಾಟ್‌ಲ್ಯಾಬ್‌ನಲ್ಲಿ ಬರೀ ನಕ್ಷತ್ರ ಹಾಕಿದ್ರೆ ಮ್ಯಾಟ್ರಿಕ್ಸ್ ಗುಣಾಕಾರ, ನಕ್ಷತ್ರಕ್ಕೆ ಮುಂಚೆ ಒಂದು ಚುಕ್ಕಿ ಇಟ್ರೆ ಅಂಕಿಗೆ ಅಂಕಿ ಗುಣಾಕಾರ. ಮೇಲಿನ ಲೆಕ್ಕಕ್ಕೆ ಪೈಥಾನ್ 1 ಕೊಟ್ಟಿದ್ದು ಅದರ ಪೂರ್ಣಾಂಕಕ್ಕೆ ಮಿತಿ ಇಲ್ಲದ್ದಕ್ಕೆ, ಅದನ್ನೇ ನಂಪೈ ಅರೇ (ಸಂಖ್ಯೆಗಳ ಪಟ್ಟಿ) ಒಳಗೆ ಹಾಕಿದ್ರೆ ಸಾಮಾನ್ಯವಾಗಿ 64 ಬಿಟ್‌ಗೆ ಇಳಿಯುತ್ತೆ, ಮಿತಿ ದಾಟಿದ್ರೆ ಸದ್ದಿಲ್ದೇ ಸುತ್ತು ಹೊಡೆದು ಋಣ ಸಂಖ್ಯೆನೂ ಆಗ್ಬಹುದು.

ಹೆಜ್ಜೆ 4: ಸೂತ್ರ ಸಿಗುತ್ತಾ ಕೇಳಿ, ಸಿಕ್ಕಿದ ಸೂತ್ರಕ್ಕೆ ಷರತ್ತು ಏನು ಕೇಳಿ

ಟ್ಯಾಂಕಿಗೆ ವಾಪಸ್ ಬರೋಣ. ಎತ್ತರ ಇಳಿಯೋ ದರ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿದೆ ಅಂತ ಬರೆದು ಮ್ಯಾಕ್ಸಿಮಾಗೋ ಸಿಂಪೈಗೋ ಕೊಟ್ರೆ ಸೂತ್ರ ಕೊಡುತ್ತೆ: ಟ್ಯಾಂಕಿನ ವಿಸ್ತೀರ್ಣವನ್ನ ತೂತಿನ ವಿಸ್ತೀರ್ಣದಿಂದ ಭಾಗಿಸಿ, ಅದನ್ನ ಎತ್ತರದ ಎರಡರಷ್ಟನ್ನ ಗುರುತ್ವದಿಂದ ಭಾಗಿಸಿದ್ರ ವರ್ಗಮೂಲದಿಂದ ಗುಣಿಸು. ಅಂಕಿ ಹಾಕಿದ್ರೆ 840 ಸೆಕೆಂಡು, ಸರಿಯಾಗಿ 14 ನಿಮಿಷ. ಕಾಗದದ ಮೇಲಿನ 7 ನಿಮಿಷದ ಎರಡರಷ್ಟು. ಇದು ಕಾಕತಾಳೀಯ ಅಲ್ಲ, ಸೂತ್ರ ನೋಡಿದ್ರೆ ಗೊತ್ತಾಗುತ್ತೆ, ನೇರ ಗೋಡೆಯ ಟ್ಯಾಂಕು ಯಾವ್ದೇ ಇರ್ಲಿ ಯಾವಾಗ್ಲೂ ಎರಡರಷ್ಟೇ. ಸೂತ್ರ ಸಿಗೋದ್ರ ಲಾಭ ಇದು, ಒಂದು ಟ್ಯಾಂಕಿಗೆ ಉತ್ತರ ಕೇಳಿದ್ರೆ ಎಲ್ಲಾ ಟ್ಯಾಂಕಿಗೂ ಸೇರೋ ಮಾತು ಸಿಗುತ್ತೆ.

ಆದ್ರೆ ಸೂತ್ರಗಳು ಷರತ್ತನ್ನ ನುಂಗಿಬಿಡ್ತವೆ. ಎಕ್ಸ್‌ನ ಎನ್‌ನೇ ಘಾತದ ಇಂಟಿಗ್ರಲ್ ಕೇಳಿ ನೋಡಿ. ಮ್ಯಾಥಮ್ಯಾಟಿಕಾ ಮಾಮೂಲಿ ಸೂತ್ರ ಕೊಟ್ಟು ಸುಮ್ನಾಗುತ್ತೆ, ಎನ್‌ನ ಬೆಲೆ ಮೈನಸ್ 1 ಆದ್ರೆ ಕೆಳಗಡೆ ಸೊನ್ನೆ ಬರುತ್ತೆ ಅನ್ನೋದನ್ನ ನೀವೇ ನೆನಪಿಟ್ಕೊಬೇಕು. ಸಿಂಪೈ ಎರಡು ಕವಲು ಮಾಡಿ ಕೊಡುತ್ತೆ. ಮ್ಯಾಕ್ಸಿಮಾ ಮಾತ್ರ ಲೆಕ್ಕ ನಿಲ್ಲಿಸಿ ವಾಪಸ್ ನಿಮ್ಮನ್ನೇ ಕೇಳುತ್ತೆ, ಎನ್‌ನ ಬೆಲೆ ಮೈನಸ್ 1 ಹೌದಾ ಅಲ್ವಾ ಅಂತ. ಸ್ಕೂಲಲ್ಲಿ ಬೋರ್ಡ್ ಹತ್ರ ನಿಲ್ಲಿಸಿಕೊಂಡು ಕೇಳ್ತಿದ್ದ ಮೇಷ್ಟ್ರ ಥರ. ಹೊಸಬರಿಗೆ ಇದು ಕಿರಿಕಿರಿ, ನನಗೆ ಅದು ಇಷ್ಟ ಆಗೋದೇ ಈ ಗುಣಕ್ಕೆ. ಯಾವ ಸಾಫ್ಟ್‌ವೇರ್ ಆಗ್ಲಿ, ಅಕ್ಷರಗಳು ಧನ ಸಂಖ್ಯೆನಾ, ಪೂರ್ಣಾಂಕನಾ, ನೈಜ ಸಂಖ್ಯೆನಾ ಅಂತ ಮೊದ್ಲೇ ಘೋಷಣೆ ಮಾಡೋ ಸೌಲಭ್ಯ ಇದ್ದೇ ಇರುತ್ತೆ, ಬಳಸಿ. ಎಕ್ಸ್ ವರ್ಗದ ವರ್ಗಮೂಲ ಎಕ್ಸ್ ಅಂತ ಅದು ಸರಳ ಮಾಡ್ತಾ ಇಲ್ಲ ಅಂದ್ರೆ ಅದು ದಡ್ಡತನ ಅಲ್ಲ, ಎಕ್ಸ್ ಋಣ ಆಗಿರ್ಬಹುದಲ್ವಾ ಅನ್ನೋ ಎಚ್ಚರ.

ಹೆಜ್ಜೆ 5: ಅಂಕಿ ಲೆಕ್ಕ, ಮತ್ತೆ ಅದನ್ನ ನಂಬೋ ಮುಂಚೆ ಮಾಡೋ ಕೆಲಸ

ಸೂತ್ರ ಸಿಗದೇ ಇರೋದೇ ಜಾಸ್ತಿ. ಟ್ಯಾಂಕು ನೇರ ಗೋಡೆದಲ್ಲ, ಕೊಳವೆ ಬಾಗಿದೆ, ಮೇಲಿಂದ ಮೋಟರ್ ನೀರು ತುಂಬ್ತಾ ಇದೆ, ಆಗ ಹೆಜ್ಜೆ ಹೆಜ್ಜೆಯಾಗಿ ಅಂಕಿಲಿ ಲೆಕ್ಕ ಹಾಕೋ ಡಿಫರೆನ್ಷಿಯಲ್ ಇಕ್ವೇಶನ್ ಸಾಲ್ವರ್‌ಗೆ ಕೊಡ್ಬೇಕು. ಮೊದ್ಲು ಉತ್ತರ ಗೊತ್ತಿರೋ ನೇರ ಗೋಡೆ ಟ್ಯಾಂಕನ್ನೇ ಕೊಡಿ, 840 ಬಂದ್ರೆ ಮುಂದಿನ ಮಾತು. ಇಲ್ಲೇ ಒಂದು ಗುಂಡಿ ಇದೆ. ನೀರು ಸೊನ್ನೆ ಮುಟ್ಟೋ ಹೊತ್ತಿಗೆ ಸಾಲ್ವರ್ ಒಂಚೂರು ಕೆಳಗೆ ಹೆಜ್ಜೆ ಇಟ್ಟು ಎತ್ತರವನ್ನ ಋಣ ಮಾಡುತ್ತೆ, ಅದರ ವರ್ಗಮೂಲ ಕೇಳಿದಾಗ ಆಕ್ಟೇವ್ ಏನೂ ಆಗಿಲ್ಲ ಅನ್ನೋ ಹಾಗೆ ಕಾಲ್ಪನಿಕ ಸಂಖ್ಯೆಗೆ ಜಾರುತ್ತೆ, ಗ್ರಾಫ್ ಮಾತ್ರ ನೋಡೋರಿಗೆ ಗೊತ್ತೇ ಆಗಲ್ಲ. ನಂಪೈ ಒಂದು ವಾರ್ನಿಂಗ್ ಕೊಟ್ಟು ಸಂಖ್ಯೆನೇ ಅಲ್ಲ ಅನ್ನುತ್ತೆ. ಪರಿಹಾರ ಸುಲಭ, ಎತ್ತರ ಸೊನ್ನೆ ಆದ ಕೂಡ್ಲೇ ನಿಲ್ಲು ಅಂತ ಇವೆಂಟ್ ಫಂಕ್ಷನ್ ಕೊಡಿ, ಸಾಲ್ವರ್‌ಗಳಲ್ಲಿ ಆ ವ್ಯವಸ್ಥೆ ಇದೆ.

ಸಾಲ್ವರ್ ಆಯ್ಕೆ ಬಗ್ಗೆ ಎರಡು ಮಾತು. ಡಿಫಾಲ್ಟ್ ಆಗಿ ಸಿಗೋ ರುಂಗೆ ಕುಟ್ಟ ಅನ್ನೋ ವಿಧಾನದ ಸಾಲ್ವರ್ ಬಹಳ ಕೆಲಸಕ್ಕೆ ಸಾಕು. ಆದ್ರೆ ಒಂದೇ ಲೆಕ್ಕದೊಳಗೆ ಒಂದು ಸಂಗತಿ ಮಿಂಚಿನ ಹಾಗೆ, ಇನ್ನೊಂದು ಬಸವನಹುಳುವಿನ ಹಾಗೆ ಬದಲಾಗ್ತಾ ಇದ್ರೆ, ರಾಸಾಯನಿಕ ಕ್ರಿಯೆಗಳಲ್ಲಿ ಇದು ಮಾಮೂಲಿ, ಸಾಲ್ವರ್ ಕಣ್ಣಿಗೆ ಕಾಣದಷ್ಟು ಸಣ್ಣ ಹೆಜ್ಜೆ ಇಡ್ತಾ ಕೂತ್ಬಿಡುತ್ತೆ, ಫ್ಯಾನ್ ಸದ್ದು ಮಾಡುತ್ತೆ, ಉತ್ತರ ಬರಲ್ಲ. ಇಂಥವಕ್ಕೆ ಸ್ಟಿಫ್ ಅಂತಾರೆ. 1966ರ ರಾಬರ್ಟ್‌ಸನ್ ಲೆಕ್ಕ ಅಂತ ಒಂದು ಪ್ರಸಿದ್ಧ ಉದಾಹರಣೆ ಇದೆ, ಅದರಲ್ಲಿ ಒಂದು ಕ್ರಿಯೆಯ ದರ 0.04, ಇನ್ನೊಂದರದ್ದು 3 ಕೋಟಿ. ಇಲ್ಲಿ ಸ್ಟಿಫ್ ಸಾಲ್ವರ್‌ಗೆ ಬದಲಾಯ್ಸಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ದೊಡ್ಡ ಕಂಪ್ಯೂಟರ್ ಬೇಕು ಅಂತ ಅರ್ಜಿ ಹಾಕೋ ಮುಂಚೆ ಇದನ್ನ ಟ್ರೈ ಮಾಡಿ.

ಇನ್ನು ಪರೀಕ್ಷೆ. ನುರಿತೋರು ಮಾಡೋದು ಹೆಚ್ಚು ಕಮ್ಮಿ ಇಷ್ಟು: ಬಂದ ಉತ್ತರವನ್ನ ಮೂಲ ಸಮೀಕರಣಕ್ಕೇ ವಾಪಸ್ ಹಾಕಿ ನೋಡೋದು, ಹೆಜ್ಜೆ ಅರ್ಧ ಮಾಡಿ ಮತ್ತೆ ಓಡಿಸೋದು, ಅಂಕಿಗಳ ನಿಖರತೆ ಜಾಸ್ತಿ ಮಾಡೋದು, ಕೊಟ್ಟ ಮಾಹಿತಿಯನ್ನ ಒಂಚೂರು ಅಲ್ಲಾಡಿಸಿ ಉತ್ತರ ಎಷ್ಟು ಅಲ್ಲಾಡುತ್ತೆ ನೋಡೋದು, ಬೇರೆ ಸಾಫ್ಟ್‌ವೇರಲ್ಲಿ ಬೇರೆ ದಾರಿಲಿ ಮಾಡೋದು.

ನಿಖರತೆ ಯಾಕೆ ಅಂದ್ರೆ ಇದನ್ನ ಮಾಡಿ ನೋಡಿ. 163ರ ವರ್ಗಮೂಲವನ್ನ ಪೈಯಿಂದ ಗುಣಿಸಿ, ಬಂದದ್ದನ್ನ ಇ ಅನ್ನೋ ಸಂಖ್ಯೆಯ ಘಾತ ಮಾಡಿ. 25 ಅಂಕಿ ನಿಖರತೆ ಕೇಳಿದ್ರೆ 262537412640768744 ಅಂತ ಗುಂಡಗಿನ ಪೂರ್ಣಾಂಕ, ಚುಕ್ಕಿ ಆದ್ಮೇಲೆ ಬರೀ ಸೊನ್ನೆ. ಅಬ್ಬಾ ಏನೋ ಕಂಡುಹಿಡಿದೆ ಅಂತ ಕುಣಿಯೋ ಮುಂಚೆ 40 ಅಂಕಿ ಕೇಳಿ. 743 ಆಗಿ, ಚುಕ್ಕಿ ಆದ್ಮೇಲೆ ಹನ್ನೆರಡು 9, ಆಮೇಲೆ 25 ಅಂತ ಬರುತ್ತೆ. ಪೂರ್ಣಾಂಕ ಅಲ್ಲ. 1975ರ ಏಪ್ರಿಲ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇದು ಪೂರ್ಣಾಂಕ ಅಂತ ಸಾಬೀತಾಗಿದೆ ಅಂತ ಏಪ್ರಿಲ್ ಫೂಲ್ ಮಾಡಿದ್ರು, ಆಗ ಎಲ್ಲರ ಮೇಜಿನ ಮೇಲೂ ಇದನ್ನ ಪರೀಕ್ಷೆ ಮಾಡೋ ಸಾಮಾನು ಇರ್ಲಿಲ್ಲ.

ಅಲ್ಲಾಡಿಸೋ ಪರೀಕ್ಷೆಗೆ ವಿಲ್ಕಿನ್ಸನ್ ಬಹುಪದಿಗಿಂತ ಒಳ್ಳೇ ಪಾಠ ಇಲ್ಲ. ಮೂಲಗಳು 1, 2, 3 ಅಂತ 20ರ ತನಕ ಇರೋ ಹಾಗೆ ಬಹುಪದಿ ಕಟ್ಟಿ, ಬಿಡಿಸಿ ಬರೆದ್ರೆ ಹತ್ತೊಂಬತ್ತನೇ ಘಾತದ ಸಹಗುಣಕ ಮೈನಸ್ 210 ಇರುತ್ತೆ. ಅದನ್ನ ಮೈನಸ್ 210.0000001192 ಮಾಡಿ, ಏಳನೇ ದಶಮಾಂಶದಲ್ಲಿ ಕೈ ಆಡಿಸಿದ್ದಷ್ಟೇ. 20 ಮೂಲಗಳಲ್ಲಿ 10 ಕಾಲ್ಪನಿಕ ಲೋಕಕ್ಕೆ ಹಾರಿ ಹೋಗ್ತವೆ, 16 ಮತ್ತೆ 17 ಇದ್ದ ಜಾಗದಲ್ಲಿ 16.73ರ ಪಕ್ಕ 2.81ರಷ್ಟು ಕಾಲ್ಪನಿಕ ಭಾಗ ಇರೋ ಜೋಡಿ ಬಂದು ಕೂರುತ್ತೆ. ಸಾಫ್ಟ್‌ವೇರಿನ ತಪ್ಪು ಇಲ್ಲ, ಪ್ರಶ್ನೆನೇ ಆ ಥರ ಹುಚ್ಚು ಕುದುರೆ. ಮ್ಯಾಟ್ರಿಕ್ಸ್‌ಗಳಲ್ಲೂ ಇದೇ ಕಥೆ, ಹಾಗಾಗಿ ಕಂಡೀಷನ್ ನಂಬರ್, ಅಂದ್ರೆ ಮಾಹಿತಿ ಒಂಚೂರು ಅಲ್ಲಾಡಿದ್ರೆ ಉತ್ತರ ಎಷ್ಟು ಪಟ್ಟು ಅಲ್ಲಾಡಬಹುದು ಅನ್ನೋ ಅಳತೆ, ಅದನ್ನ ಕೇಳೋದನ್ನ ಅಭ್ಯಾಸ ಮಾಡ್ಕೊಳ್ಳಿ. ಹತ್ತು ಸಾಲಿನ ಹಿಲ್ಬರ್ಟ್ ಮ್ಯಾಟ್ರಿಕ್ಸ್ ಅನ್ನೋ ಪ್ರಸಿದ್ಧ ಉದಾಹರಣೆಗೆ ಅದು ಸುಮಾರು 16 ಲಕ್ಷ ಕೋಟಿ, 1.6ನ್ನ 10ರ 13ನೇ ಘಾತದಿಂದ ಗುಣಿಸಿದಷ್ಟು, ಅಂದ್ರೆ ನಿಮ್ಮ 16 ಅಂಕಿಲಿ 13 ಅಂಕಿ ಗಾಳಿಗೆ ಹೋಗೋ ಅಪಾಯ. ಮತ್ತೆ ಸಮೀಕರಣ ಬಿಡಿಸೋಕೆ ಇನ್ವರ್ಸ್ ತೆಗೆದು ಗುಣಿಸೋದು ಬಿಡಿ, ಎಲ್ಲದ್ರಲ್ಲೂ ನೇರವಾಗಿ ಬಿಡಿಸೋ ಕಮಾಂಡ್ ಇದೆ, ಬೇಗನೂ ಹೌದು ನಿಖರನೂ ಹೌದು.

ಕೊನೇ ಪರೀಕ್ಷೆ ಸಾಫ್ಟ್‌ವೇರ್ ಹೊರಗಡೆದು. ಸ್ಟಾಪ್‌ವಾಚ್ ಹಿಡ್ಕೊಂಡು ಟ್ಯಾಂಕ್ ಹತ್ರ ಹೋದ್ರೆ 14 ನಿಮಿಷ ಬರಲ್ಲ. ಚೂಪು ಅಂಚಿನ ತೂತಲ್ಲಿ ನೀರಿನ ಧಾರೆ ಸಂಕುಚಿಸಿ ಹರಿವು ಸುಮಾರು 0.6ರಷ್ಟಕ್ಕೆ ಇಳಿಯುತ್ತೆ, ಆ ಲೆಕ್ಕದಲ್ಲಿ 23 ನಿಮಿಷ. ಮೇಲಿನ ಎಲ್ಲಾ ಪರೀಕ್ಷೆ ಪಾಸಾದ 840 ಸೆಕೆಂಡು ಗಣಿತವಾಗಿ ಸರಿ, ಟ್ಯಾಂಕಿನ ಬಗ್ಗೆ ತಪ್ಪು.

ರಿಸರ್ಚ್‌ನೋರು ಇದನ್ನೇ ಹೇಗೆ ಬಳಸ್ತಾರೆ

ಸಂಶೋಧನೆಯಲ್ಲಿ ಸಾಫ್ಟ್‌ವೇರ್ ಬಹಳ ಸಲ ಉತ್ತರ ಕೊಡೋದಕ್ಕಿಂತ ಪ್ರಶ್ನೆ ಹುಟ್ಸೋಕೆ ಬರುತ್ತೆ. ಬರ್ಚ್ ಮತ್ತೆ ಸ್ವಿನ್ನರ್ಟನ್ ಡಯರ್ ಅನ್ನೋ ಗಣಿತಜ್ಞರು 1960ರ ದಶಕದ ಶುರುವಲ್ಲಿ ಕೇಂಬ್ರಿಡ್ಜ್‌ನ ಎಡ್ಸಾಕ್ 2 ಕಂಪ್ಯೂಟರಲ್ಲಿ ಎಲಿಪ್ಟಿಕ್ ಕರ್ವ್ ಅನ್ನೋ ಒಂದು ಜಾತಿ ಸಮೀಕರಣಗಳ ಲೆಕ್ಕ ಓಡಿಸ್ತಾ ಕೂತು ಕಂಡ ಮಾದರಿನೇ ಮುಂದೆ ಅವರ ಹೆಸರಿನ ಊಹೆ ಆಯ್ತು, ಅದನ್ನ ಸಾಧಿಸಿದ್ರೆ ಇವತ್ತಿಗೂ ಹತ್ತು ಲಕ್ಷ ಡಾಲರ್ ಬಹುಮಾನ ಕಾಯ್ತಾ ಇದೆ. ನೀವು ಮಾಡ್ಬೇಕಾದ ಕ್ರಮ ಹೀಗೆ: ಸಣ್ಣ ಸಣ್ಣ ಪ್ರಕರಣಗಳನ್ನ ಲೆಕ್ಕ ಹಾಕಿ, ಬಂದ ಪೂರ್ಣಾಂಕಗಳ ಸರಣಿಯನ್ನ ನೀಲ್ ಸ್ಲೋನ್ 1964ರಲ್ಲಿ ಕೂಡಿಡೋಕೆ ಶುರು ಮಾಡಿದ, ಈಗ ಮೂರೂವರೆ ಲಕ್ಷಕ್ಕೂ ಜಾಸ್ತಿ ಸರಣಿ ಇರೋ ಆನ್‌ಲೈನ್ ವಿಶ್ವಕೋಶದಲ್ಲಿ ಹುಡುಕಿ, ಸಿಕ್ಕಿದ್ರೆ ನಿಮ್ಮ ಲೆಕ್ಕ ಬೇರೆ ವೇಷದಲ್ಲಿ ಯಾರೋ ಆಗ್ಲೇ ಮಾಡಿರ್ತಾರೆ.

ಮಾದರಿ ಕಂಡ ಕೂಡ್ಲೇ ಪ್ರಮೇಯ ಅಂತ ಬರೀಬೇಡಿ. ಸೈನ್ ಎಕ್ಸ್ ಭಾಗಿಸು ಎಕ್ಸ್, ಇದನ್ನ ಸೊನ್ನೆಯಿಂದ ಅನಂತದ ತನಕ ಇಂಟಿಗ್ರೇಟ್ ಮಾಡಿದ್ರೆ ಪೈ ಅರ್ಧ. ಅದಕ್ಕೆ ಎಕ್ಸ್ ಬದಲು ಎಕ್ಸ್‌ನ ಮೂರನೇ ಒಂದು ಭಾಗ ಹಾಕಿದ ಅದೇ ಪದ ಗುಣಿಸಿದ್ರೂ ಪೈ ಅರ್ಧ. ಐದನೇ ಒಂದು, ಏಳನೇ ಒಂದು, ಹೀಗೇ ಹದಿಮೂರನೇ ಒಂದು ತನಕ ಸೇರಿಸ್ತಾ ಹೋಗಿ, ಪೈ ಅರ್ಧನೇ. ಹದಿನೈದನೇ ಒಂದು ಸೇರಿಸಿದಾಗ ಹತ್ತನೇ ದಶಮಾಂಶದ ಆಚೆ ಎಲ್ಲೋ ಒಂಚೂರು ಕಮ್ಮಿ ಆಗುತ್ತೆ. ಸಾಫ್ಟ್‌ವೇರ್ ಬಗ್ ಅನ್ಸುತ್ತೆ, ಅಲ್ಲ. ಮೂರನೇ ಒಂದರಿಂದ ಹದಿಮೂರನೇ ಒಂದರ ತನಕ ಕೂಡಿದ್ರೆ 1ಕ್ಕಿಂತ ಕಮ್ಮಿ, ಹದಿನೈದನೇ ಒಂದು ಸೇರಿದ್ರೆ 1 ದಾಟುತ್ತೆ, ಕಾರಣ ಅಲ್ಲಿದೆ. ಬೋರ್ವೈನ್ ಇಬ್ಬರು, ತಂದೆ ಮಗ, 2001ರಲ್ಲಿ ಇದನ್ನ ಪ್ರಕಟಿಸಿದ್ರು. ಏಳು ಸಲ ಸರಿ ಬಂದದ್ದು ಎಂಟನೇ ಸಲ ಕೈ ಕೊಡುತ್ತೆ.

ಪಾಠ ಮಾಡೋರಿಗೆ

ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಯೂನಿವರ್ಸಿಟಿಯ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದ ಮ್ಯಾಥ್ಸ್ ಜೊತೆಗೇ ಲ್ಯಾಬ್ ಬಂತು, ಬಿಎಸ್ಸಿಯಲ್ಲೂ ಸೈಲ್ಯಾಬ್, ಮ್ಯಾಕ್ಸಿಮಾ ಪ್ರಾಕ್ಟಿಕಲ್‌ಗಳು ಇವೆ. ಬಂದಿದ್ದು ಒಳ್ಳೇದು. ಆದ್ರೆ ನಾನಿದ್ದ ಒಂದು ಕಾಲೇಜಲ್ಲಿ ಮಕ್ಕಳು ಕೋಡನ್ನ ರೆಕಾರ್ಡ್ ಬುಕ್‌ನಲ್ಲಿ ಕೈಯಲ್ಲಿ ಬರೆದು, ಔಟ್‌ಪುಟ್ ಗ್ರಾಫನ್ನ ಪೆನ್ಸಿಲ್ಲಲ್ಲಿ ಚಿತ್ರ ಬಿಡಿಸಿ ಸೈನ್ ಹಾಕಿಸ್ಕೊತಿದ್ರು, ಕಂಪ್ಯೂಟರ್ ಮುಂದೆ ಕೂತ ಸಮಯಕ್ಕಿಂತ ಸ್ಕೇಲ್ ಹಿಡಿದ ಸಮಯ ಜಾಸ್ತಿ.

ನನಗೆ ಕೆಲಸ ಮಾಡಿದ ಉಪಾಯ ಹೇಳ್ತೀನಿ. ಗ್ರಾಫ್ ತೋರ್ಸೋ ಜಿಯೋಜೀಬ್ರಾ ಅನ್ನೋ ಸಾಫ್ಟ್‌ವೇರಲ್ಲಿ ಸ್ಲೈಡರ್ ಎಳೆಯೋ ಮುಂಚೆ ಕೈ ಎತ್ತಿಸಿ, ಗ್ರಾಫ್ ಎಡಕ್ಕೆ ಹೋಗುತ್ತಾ ಬಲಕ್ಕೆ ಹೋಗುತ್ತಾ ಅಂತ, ನೋಟ್ಸಲ್ಲಿ ಬರೆಸಿ, ಆಮೇಲೆ ಎಳೀರಿ. ತಪ್ಪು ಊಹಿಸಿದ ಮಗು ಆ ಪಾಠ ಮರೆಯಲ್ಲ. ಬರೀ ಸ್ಲೈಡರ್ ಎಳೆದು ತೋರ್ಸಿದ್ರೆ ಅದು ಸಿನಿಮಾ. ಎರಡನೇದು, ವಾರಕ್ಕೊಂದು ಸಲ ಸಾಫ್ಟ್‌ವೇರ್ ತಪ್ಪು ಅಥವಾ ಅರೆಬರೆ ಉತ್ತರ ಕೊಡೋ ಲೆಕ್ಕನೇ ಕೊಡಿ, 61ರದ್ದೇ ಕೊಡಿ, ಯಾಕೆ ಅಂತ ಹುಡುಕ್ಲಿ. ಮೂರನೇದು, ಒಬ್ಬೊಬ್ಬರಿಗೆ ಒಂದೊಂದು ಅಂಕಿ ಬರೋ ಹಾಗೆ ಪ್ರಶ್ನೆಪತ್ರಿಕೆ ಮಾಡೋಕೆ ಹತ್ತು ಸಾಲು ಪೈಥಾನ್ ಸಾಕು, ಕಾಪಿ ತಾನಾಗೇ ನಿಲ್ಲುತ್ತೆ. ದೊಡ್ಡ ಮಟ್ಟದಲ್ಲಿ ಮಾಡೋರು ಮೂಡಲ್ ಅನ್ನೋ ಆನ್‌ಲೈನ್ ಪಾಠದ ವೇದಿಕೆ ಜೊತೆ ಸ್ಟ್ಯಾಕ್ ಅನ್ನೋ ವ್ಯವಸ್ಥೆ ಹಾಕ್ಕೊತಾರೆ, ಅದರ ಹೊಟ್ಟೇಲಿರೋದು ನಮ್ಮ ಮ್ಯಾಕ್ಸಿಮಾನೇ, ಸ್ಟೂಡೆಂಟ್ ಉತ್ತರವನ್ನ ಅಪವರ್ತನ ಮಾಡಿ ಬರೆದ್ರೂ ಬಿಡಿಸಿ ಬರೆದ್ರೂ ಎರಡೂ ಒಂದೇ ಅಂತ ಗುರುತಿಸಿ ಮಾರ್ಕ್ಸ್ ಕೊಡುತ್ತೆ.

ಇಂಡಸ್ಟ್ರಿ

ಬೆಂಗಳೂರಲ್ಲಿ ಗಾಡಿ, ವಿಮಾನದ ಕಂಟ್ರೋಲ್ ಕೆಲಸ ಮಾಡೋ ಎಷ್ಟೋ ಎಂಜಿನಿಯರ್‌ಗಳ ದಿನ ಶುರುವಾಗೋದು ಮ್ಯಾಟ್‌ಲ್ಯಾಬ್ ಜೊತೆ ಬರೋ, ಚಿತ್ರದ ಹಾಗೆ ಮಾಡೆಲ್ ಕಟ್ಟೋ ಸಿಮ್ಯುಲಿಂಕ್ ತೆಗೆದು. ಅಲ್ಲಿ ಕ್ರಮ ಬಿಗಿ ಇರುತ್ತೆ. ಮೊದ್ಲು ಗಾಡಿ, ಕಂಟ್ರೋಲರ್ ಎರಡೂ ಮಾಡೆಲ್ ಆಗಿ ಕಂಪ್ಯೂಟರ್ ಒಳಗೇ ಓಡ್ತವೆ, ಆಮೇಲೆ ಮಾಡೆಲ್‌ನಿಂದ ಸಿ ಕೋಡ್ ತಾನಾಗೇ ಬರೆಸಿ ಆ ಕೋಡನ್ನ ಅದೇ ಟೆಸ್ಟ್‌ಗಳ ಮೇಲೆ ಓಡಿಸ್ತಾರೆ, ಆಮೇಲೆ ಆ ಕೋಡ್ ನಿಜವಾದ ಚಿಪ್ ಮೇಲೆ, ಗಾಡಿ ಮಾತ್ರ ಇನ್ನೂ ಸಿಮ್ಯುಲೇಶನ್, ಕೊನೇಲಿ ಗಾಡಿ. ಪ್ರತಿ ಹಂತದಲ್ಲೂ ಹಿಂದಿನ ಹಂತದ ಉತ್ತರದ ಜೊತೆ ಹೋಲಿಸಿ ಎಷ್ಟು ವ್ಯತ್ಯಾಸ ಒಪ್ಪಬಹುದು ಅಂತ ಮೊದ್ಲೇ ಬರೆದಿಟ್ಟಿರ್ತಾರೆ.

ಯಾಕಿಷ್ಟು ಅಂದ್ರೆ, ಲ್ಯಾಪ್‌ಟಾಪಲ್ಲಿ 64 ಬಿಟ್‌ನಲ್ಲಿ ಸರಿ ಇದ್ದದ್ದು ಸಣ್ಣ ಚಿಪ್‌ನಲ್ಲಿ ಇರಲ್ಲ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ಡನ್ನ ತಡೀಲಿಲ್ಲ, 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸ್ತಿತ್ತು, 0.1 ಅನ್ನೋದನ್ನ ಎರಡರ ಮೂಲದಲ್ಲಿ ಪೂರ್ತಿ ಬರೆಯೋಕಾಗಲ್ಲ, 24 ಬಿಟ್‌ಗೆ ಕತ್ತರಿಸಿದ್ರು, 100 ಗಂಟೆ ಬಿಡದೆ ಓಡಿದ್ಮೇಲೆ ಗಡಿಯಾರ 0.34 ಸೆಕೆಂಡು ತಪ್ಪಿತ್ತು, ಅಷ್ಟರಲ್ಲಿ ಸ್ಕಡ್ಡು ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಹೋಗಿಬಿಡುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲೂ 0.1ಕ್ಕೆ 0.2 ಕೂಡಿ 0.3 ಜೊತೆ ಸಮನಾ ಅಂತ ಕೇಳಿ ನೋಡಿ, ಇಲ್ಲ ಅನ್ನುತ್ತೆ. ಹಾಗಾಗಿ ದಶಮಾಂಶ ಸಂಖ್ಯೆಗಳನ್ನ ಸಮ ಅಂತ ಹೋಲಿಸ್ಬೇಡಿ, ವ್ಯತ್ಯಾಸ ಇಷ್ಟಕ್ಕಿಂತ ಕಮ್ಮಿನಾ ಅಂತ ಕೇಳಿ.

ಕೊನೇ ಹೆಜ್ಜೆ: ಆರು ತಿಂಗಳು ಬಿಟ್ಟು ತೆಗೆದ್ರೂ ಓಡ್ಬೇಕು

ಸಾಫ್ಟ್‌ವೇರ್ ಹೆಸರು, ವರ್ಷನ್, ಬಳಸಿದ ಪ್ಯಾಕೇಜ್‌ಗಳ ವರ್ಷನ್ ಫೈಲ್ ಮೇಲ್ಗಡೆನೇ ಬರೀರಿ. ರ‍್ಯಾಂಡಮ್ ಸಂಖ್ಯೆ ಬಳಸಿದ್ರೆ ಸೀಡ್, ಅಂದ್ರೆ ಅದೇ ಸಂಖ್ಯೆಗಳು ಮತ್ತೆ ಬರೋ ಹಾಗೆ ಮಾಡೋ ಶುರುವಿನ ಅಂಕಿ, ಬರೀರಿ. ಕೋಡನ್ನ ಸೆಲ್ ಅನ್ನೋ ತುಂಡು ತುಂಡಾಗಿ ಓಡಿಸೋ ಜುಪಿಟರ್ ನೋಟ್‌ಬುಕ್ ಬಳಸೋರು ಯಾರಿಗಾದ್ರೂ ಕಳ್ಸೋ ಮುಂಚೆ ಒಂದ್ಸಲ ಪೂರ್ತಿ ರೀಸ್ಟಾರ್ಟ್ ಮಾಡಿ ಮೇಲಿಂದ ಕೆಳಗೆ ಓಡಿಸಿ, ಅರ್ಧ ನೋಟ್‌ಬುಕ್‌ಗಳು ಅಲ್ಲೇ ಸಾಯ್ತವೆ, ಯಾಕಂದ್ರೆ ನೀವು ಮೂರನೇ ಸೆಲ್ಲನ್ನ ಏಳನೇದಾದ್ಮೇಲೆ ಓಡಿಸಿರ್ತೀರ.

ಎಕ್ಸೆಲ್ ಬೇಡ ಅನ್ನಲ್ಲ, ಆದ್ರೆ ಸೂತ್ರ ಕಣ್ಣಿಗೆ ಕಾಣಲ್ಲ ಅನ್ನೋದು ನೆನಪಿರ್ಲಿ. ರೈನ್‌ಹಾರ್ಟ್ ಮತ್ತೆ ರೋಗಾಫ್ ಅನ್ನೋ ದೊಡ್ಡ ಅರ್ಥಶಾಸ್ತ್ರಜ್ಞರ 2010ರ ಸಾಲದ ಬಗೆಗಿನ ಪೇಪರ್ ದೇಶ ದೇಶಗಳ ಬಜೆಟ್ ಚರ್ಚೆಲಿ ಓಡಾಡ್ತು. 2013ರಲ್ಲಿ ಮ್ಯಾಸಚೂಸೆಟ್ಸ್‌ನ ಥಾಮಸ್ ಹೆರ್ನ್‌ಡನ್ ಅನ್ನೋ ಸ್ಟೂಡೆಂಟು ಕ್ಲಾಸಿನ ಅಸೈನ್‌ಮೆಂಟಿಗೆ ಅಂತ ಅದನ್ನ ಮತ್ತೆ ಮಾಡೋಕೆ ಹೋದಾಗ ಉತ್ತರ ಹೊಂದ್ಲಿಲ್ಲ, ಅವರ ಶೀಟನ್ನೇ ತರಿಸ್ಕೊಂಡು ನೋಡಿದ್ರೆ ಸರಾಸರಿ ತೆಗೆಯೋವಾಗ ಐದು ದೇಶಗಳ ಸಾಲುಗಳೇ ಆಯ್ಕೆಯಿಂದ ಹೊರಗಿದ್ವು. ತಪ್ಪು ಅದೊಂದೇ ಅಲ್ಲ, ಆದ್ರೆ ನೆನಪಲ್ಲಿ ಉಳಿದಿರೋದು ಅದು. ಶೀಟ್ ಕೊಟ್ಟರಲ್ಲ, ಅದಕ್ಕೆ ಅವರಿಗೆ ಮೆಚ್ಚಬೇಕು.

ಎಐ ಹತ್ರ ಕೋಡ್ ಬರೆಸೋರು ಈಗ ಎಲ್ಲರೂ, ನಾನೂ ಬರೆಸ್ತೀನಿ. ಬರೆಸಿ, ಆದ್ರೆ ಪರೀಕ್ಷೆನ ಅದರ ಕೈಗೆ ಕೊಡ್ಬೇಡಿ, ಕಾಗದದ ಮೇಲಿನ 7 ನಿಮಿಷ ನಿಮ್ಮದೇ ಆಗಿರ್ಲಿ.

ಮನೆಗೆಲಸ ಒಂದು ಕೊಡ್ತೀನಿ. ಫರ್ಮಾ 61ರ ಜೊತೆ 109ನೂ ಕೇಳಿದ್ರು. ಇದಕ್ಕೆ ಸಂಖ್ಯೆಗಳು 158070671986249 ಮತ್ತೆ 15140424455100. ಮೊದಲನೇದರ ವರ್ಗದಿಂದ ಎರಡನೇದರ ವರ್ಗದ 109ರಷ್ಟನ್ನ ಕಳೆದ್ರೆ 1 ಬರ್ಬೇಕು. ಆಕ್ಟೇವ್‌ನಲ್ಲಿ, ಸಾದಾ ಪೈಥಾನ್‌ನಲ್ಲಿ, ನಂಪೈ ಅರೇ ಒಳಗೆ, ಎಕ್ಸೆಲ್‌ನಲ್ಲಿ, ನಾಲ್ಕೂ ಕಡೆ ಏನು ಬರುತ್ತೆ ಅಂತ ಮೊದ್ಲು ಕಾಗದದ ಮೇಲೆ ಊಹೆ ಬರೀರಿ, ಆಮೇಲೆ ಎಂಟರ್.